ಅರುಳಪ್ಪ ಕೇಳಿದ್ದು

ಕಾವೇರಿ ಬಂಡೆಗಳ ನಡುವೆ ಸೀಳಿಕೊಂಡು ಹರಿಯುವ ಒಂದು ಕಡೆ ಆಶ್ರಮವಿತ್ತು. ಆಶ್ರಮ ಅನ್ನುವುದು ದೊಡ್ಡ ಮಾತು. ಮಣ್ಣಿನ ಗೋಡೆಯ ಎರಡು ಕೋಣೆ, ಹುಲ್ಲು ಹೊದಿಸಿದ ಚಪ್ಪರ, ಚಪ್ಪರದೊಳಗೆ ಒಂದು ಮರದ ಶಿಲುಬೆ. ಅಷ್ಟೇ.

ಅಲ್ಲಿ ಇನ್ನಾಸಯ್ಯ ಎಂಬ ಹಿರಿಯರಿದ್ದರು. ಹರೆಯದಲ್ಲಿ ಊರೂರು ತಿರುಗಿ ಉಪದೇಶ ಹೇಳಿದವರು. ಕಾಲು ಸೋತ ಮೇಲೆ ಹೊಳೆಯ ದಡ ಹಿಡಿದು ಕೂತಿದ್ದರು. ಈಗ ಮಾತು ಕಡಿಮೆ.

ಅವರ ಹತ್ತಿರ ಪ್ರಾರ್ಥನೆ ಕಲಿಯಲು ಬಂದವನು ಅರುಳಪ್ಪ. ಕಲ್ಲುಕುಟಿಗರ ಮನೆಯವನು. ಗಟ್ಟಿ ಮೈ, ಗಟ್ಟಿ ದನಿ. ಮೊಣಕಾಲೂರಿ ಕೂತರೆ ಅವನ ಪ್ರಾರ್ಥನೆ ಹೊಳೆಯ ಆಚೆ ದಡಕ್ಕೆ ಕೇಳುತ್ತಿತ್ತು.

ಆ ವರ್ಷ ಹೊಳೆ ಇಳಿದ ಮೇಲೆ ಊರಿಗೆ ಜ್ವರ ಬಂತು.

ಮೊದಲು ಮುದುಕರು ಹೋದರು. ಆಮೇಲೆ ಎಳೆಯ ಮಕ್ಕಳು. ಪಟ್ಟಣದ ಡಾಕ್ಟರು ಆಗಾಗ ಹರಿಗೋಲಿನಲ್ಲಿ ದಾಟಿ ಬಂದು ಔಷಧಿ ಕೊಟ್ಟು, ನೀರು ಕಾಯಿಸಿ ಕುಡಿಯಿರಿ ಎಂದು ಹೇಳಿ, ಯಾರ ಮುಖವನ್ನೂ ನೋಡದೆ ಹಿಂದಿರುಗುತ್ತಿದ್ದರು.

ಇನ್ನಾಸಯ್ಯ ಮನೆಮನೆಗೆ ಹೋದರು. ಅರುಳಪ್ಪ ಹಿಂದೆ ಹೋದ.

ಗುರು ರೋಗಿಯ ಪಕ್ಕ ಕೂರುತ್ತಿದ್ದರು. ಒದ್ದೆ ಬಟ್ಟೆ ಹಣೆಗೆ ಹಾಕುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ ಏನೋ ಮೆಲ್ಲಗೆ ಹೇಳಿ ಏಳುತ್ತಿದ್ದರು. ಮನೆಯವರು ‘ಏನಾಗುತ್ತದೆ ಅಯ್ಯಾ’ ಅಂದರೆ ಒಂದೇ ಉತ್ತರ.

“ದೇವರನ್ನು ಕೇಳಿದ್ದೇನೆ ಕಣವ್ವ.”

ಅರುಳಪ್ಪನಿಗೆ ಅದು ಸಾಲದು ಅನ್ನಿಸುತ್ತಿತ್ತು. ಇಷ್ಟು ವರ್ಷ ದೇವರ ಜೊತೆ ಇದ್ದವರು ಇಷ್ಟು ಸಣ್ಣ ದನಿಯಲ್ಲಿ ಬೇಡುವುದೇ? ಬೇಡಿದ ಮೇಲೂ ಆಗುತ್ತದೆ ಎಂದು ಹೇಳಲು ಧೈರ್ಯವಿಲ್ಲವೇ?

ಒಂದು ದಿನ ಅವನೊಬ್ಬನೇ ಬಡಗಿಯ ಮನೆಗೆ ಹೋದ. ಬಡಗಿಯ ಹೆಂಡತಿ ಉಳಿಯುವ ಆಸೆಯನ್ನು ಎಲ್ಲರೂ ಬಿಟ್ಟಿದ್ದರು. ಅರುಳಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ಮನೆ ನಡುಗುವ ಹಾಗೆ ಪ್ರಾರ್ಥಿಸಿದ. ಮಾರನೆಯ ಬೆಳಿಗ್ಗೆ ಅವಳು ಎದ್ದು ಕೂತು ಗಂಜಿ ಕೇಳಿದಳು.

ಹೀಗೇ ಇನ್ನೊಂದು ಮನೆಯಲ್ಲೂ ಆಯಿತು.

ಸುದ್ದಿ ಹಬ್ಬಿತು. ಅರುಳಣ್ಣ ಕೈಯಿಟ್ಟರೆ ಹುಸಿ ಹೋಗಲ್ಲ ಅಂದರು ಜನ. ‘ನನ್ನದೇನಿಲ್ಲ, ಎಲ್ಲಾ ದೇವರದು’ ಅನ್ನುತ್ತಿದ್ದ ಅರುಳಪ್ಪ. ಹಾಗೆ ಅನ್ನುವಾಗ ಅವನ ಬಾಯಿ ಸಿಹಿಯಾಗುತ್ತಿತ್ತು.

ಅವನು ಪ್ರಾರ್ಥಿಸಿದವರಲ್ಲಿ ಸತ್ತವರೂ ಇದ್ದರು. ಆ ಮನೆಗಳಲ್ಲಿ ವಿಶ್ವಾಸ ಕಮ್ಮಿ ಇತ್ತು ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

ಆಮೇಲೆ ಹರಿಗೋಲಿನ ಚೌರಪ್ಪನ ಮಗಳು ಲೂರ್ದು ಜ್ವರದಲ್ಲಿ ಮಲಗಿದಳು.

ಚೌರಪ್ಪ ಜನರನ್ನು ಹೊಳೆ ದಾಟಿಸುವವನು. ಹೆಂಡತಿ ಮದ್ಲೇನಮ್ಮ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹುಟ್ಟಿದ ಒಬ್ಬಳೇ ಮಗಳು ಲೂರ್ದು. ಅಪ್ಪನ ಹರಿಗೋಲಿನಲ್ಲಿ ಕೂತು, ಹತ್ತುವವರಿಗೆಲ್ಲ ಎಲ್ಲಿ ಕಾಲಿಡಬೇಕು ಎಂದು ಹೇಳಿಕೊಡುತ್ತಿದ್ದ ಹುಡುಗಿ.

ಗುರು ಶಿಷ್ಯರಿಬ್ಬರೂ ಹೋದರು. ಹುಡುಗಿ ಚಾಪೆಯ ಮೇಲೆ ಬಿದ್ದಿದ್ದಳು. ತುಟಿ ಒಡೆದಿತ್ತು. ಉಸಿರಿಗೆ ಲೆಕ್ಕ ತಪ್ಪಿತ್ತು.

ಇನ್ನಾಸಯ್ಯ ಕೂತರು. ಅವಳ ಅಂಗೈ ಹಿಡಿದರು. ಮೆಲ್ಲಗೆ ಕೇಳಿ, ಎದ್ದರು.

ಮದ್ಲೇನಮ್ಮ ಅವರನ್ನು ನೋಡಲಿಲ್ಲ. ಅರುಳಪ್ಪನ ಕಡೆ ತಿರುಗಿದಳು.

“ನೀವು ಹೇಳಿ ಅರುಳಣ್ಣ. ಉಳೀತಾಳಾ ನನ್ ಮಗಳು?”

ಅರುಳಪ್ಪ ಚಾಪೆಯ ಪಕ್ಕ ಮೊಣಕಾಲೂರಿದ. ಅವನ ದನಿಗೆ ಬೀದಿಯ ಜನ ಬಂದು ಬಾಗಿಲಲ್ಲಿ ನಿಂತರು. ಪ್ರಾರ್ಥನೆ ಮುಗಿದಾಗ ಅವನ ಎದೆ ತುಂಬಿ ಬಂದಿತ್ತು. ಆ ತುಂಬಿದ್ದು ದೇವರೇ ಅನ್ನಿಸಿತು.

“ಲೂರ್ದು ಸಾಯಲ್ಲ,” ಅಂದ. “ದೇವರು ಹೇಳಿದ್ದಾನೆ. ಇನ್ನು ಈ ಮನೆಯಲ್ಲಿ ಯಾರೂ ಸಾವಿನ ಮಾತು ಆಡಬಾರದು. ಆಡಿದರೆ ಅದು ಅವಿಶ್ವಾಸ.”

ಮದ್ಲೇನಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಎಷ್ಟೋ ದಿನದ ಮೇಲೆ ಹಗುರಾಗಿ ಅತ್ತ ಅಳು ಅದು.

ದಾರಿಯಲ್ಲಿ ಇನ್ನಾಸಯ್ಯ ಕೋಲೂರಿ ನಿಂತರು. ಆಮೇಲೆ ಕೇಳಿದರು.

“ನಿನಗೆ ಯಾರು ಹೇಳಿದರು?”

“ವಿಶ್ವಾಸ ಹೇಳಿತು ಅಯ್ಯಾ.”

“ಅದಕ್ಕೆ ಬಾಯಿ ಇದೆಯಾ?” ಅಂದರು ಗುರು. “ನಾನು ಬರೀ ಕಿವಿ ಇದೆ ಅಂದುಕೊಂಡಿದ್ದೆ.”

ಅರುಳಪ್ಪನಿಗೆ ಸಿಟ್ಟು ಬಂತು. ಮುದುಕರಿಗೆ ಹೊಟ್ಟೆಕಿಚ್ಚು ಎಂಬ ಯೋಚನೆಯೂ ಬಂತು. ಬಂದದ್ದಕ್ಕೆ ನಾಚಿಕೆಯಾಗಲಿಲ್ಲ.

ಮಾರನೆಯ ದಿನ ಸಂಜೆಗೆ ಮುಂಚೆ ಲೂರ್ದು ಸತ್ತಳು.

ಸುದ್ದಿ ತಂದವನು ಬಡಗಿ. ಅವನು ಅರುಳಪ್ಪನಿಗೆ ಏನೂ ಹೇಳಲಿಲ್ಲ. ಗುರುವಿನ ಮುಂದೆ ನಿಂತು, “ಪೆಟ್ಟಿಗೆಗೆ ಹಲಗೆ ಕುಯ್ತಾ ಇದ್ದೀನಿ” ಅಂದ. ಅಷ್ಟರಿಂದ ತಿಳಿಯಿತು.

ಅರುಳಪ್ಪ ಕೂತಲ್ಲೇ ಕೂತಿದ್ದ.

ಇನ್ನಾಸಯ್ಯ ಒಳಗೆ ಹೋಗಿ ಗುದ್ದಲಿ ತಂದು ಅವನ ಮುಂದೆ ಇಟ್ಟರು.

“ಏಳು. ಗುಂಡಿ ತೋಡಬೇಕು.”

“ನನ್ನ ಕೈಲಾಗಲ್ಲ ಅಯ್ಯಾ.”

“ತೋಡು.”

“ಬೇರೆ ಯಾರಿಗಾದರೂ ಹೇಳಿ. ಆ ಜನರ ಮುಂದೆ ನಾನು ಹೇಗೆ ನಿಲ್ಲಲಿ?”

“ನಿಲ್ಲಬೇಡ. ಬಗ್ಗಿ ತೋಡು.”

ಅರುಳಪ್ಪ ತೋಡಿದ. ಹೊಳೆಯ ದಡದ ಮಣ್ಣು, ಮೇಲೆ ಮೆತ್ತಗೆ, ಕೆಳಗೆ ಕಲ್ಲು. ಕಲ್ಲು ಅವನ ಮನೆತನದ ಕಸುಬು. ಅವತ್ತು ಮಾತ್ರ ಒಂದೊಂದು ಕಲ್ಲೂ ಅವನ ಕೈ ಸುಲಿಯಿತು. ಸಣ್ಣ ಗುಂಡಿ ಸಾಕಿತ್ತು. ಅದೇ ಅವನಿಗೆ ತಡೆಯಲಾಗಲಿಲ್ಲ.

ಪಟ್ಟಣದ ಚರ್ಚಿನ ಸ್ವಾಮಿಯವರಿಗೆ ಬರಲಾಗಲಿಲ್ಲ. ಅವರೂ ಜ್ವರದಲ್ಲಿ ಮಲಗಿದ್ದರು. ಮಣ್ಣಿನ ಪ್ರಾರ್ಥನೆ ಇನ್ನಾಸಯ್ಯನವರೇ ಹೇಳಿದರು. ಯಾರೂ ಅರುಳಪ್ಪನನ್ನು ಬಯ್ಯಲಿಲ್ಲ. ಯಾರೂ ಅವನ ಕಡೆ ನೋಡಲಿಲ್ಲ ಕೂಡ.

ಆಮೇಲೆ ಅವನು ಚಪ್ಪರದೊಳಗೆ ಕಾಲಿಡಲಿಲ್ಲ. ನೀರು ತಂದ, ಸೌದೆ ಒಡೆದ, ಗಂಜಿ ಬೇಯಿಸಿದ. ಪ್ರಾರ್ಥನೆಯ ಹೊತ್ತಿಗೆ ಹೊಳೆಗೆ ಹೋಗಿ ಬಂಡೆಯ ಮೇಲೆ ಕೂತ.

ಒಂದು ಬೆಳಿಗ್ಗೆ ಗುರು ಅಂದರು.

“ಮದ್ಲೇನಮ್ಮನ ಮನೆಗೆ ಹೋಗಿ ಬಾ.”

“ಹೋಗಿ ಏನು ಹೇಳಲಿ?”

“ಹೇಳುವುದಕ್ಕೆ ಅಲ್ಲ.”

ಮದ್ಲೇನಮ್ಮ ಜಗಲಿಯ ಮೇಲೆ ಕೂತು ಬಲೆಯ ತೂತು ಹೊಲಿಯುತ್ತಿದ್ದಳು. ಅವನನ್ನು ಕಂಡು ಕೈ ನಿಲ್ಲಿಸಲಿಲ್ಲ. ಕೂರು ಅನ್ನಲಿಲ್ಲ. ಅರುಳಪ್ಪ ಅಂಗಳದಲ್ಲಿ ನೆಲದ ಮೇಲೆ ಕೂತ.

ಒಂದು ತೂತು ಮುಗಿಸಿ ಅವಳೇ ಮಾತಾಡಿದಳು.

“ಅವತ್ತು ಮಧ್ಯಾಹ್ನ ಕಣ್ಣು ಬಿಟ್ಲು. ‘ಅವ್ವ, ನಾನು ಸತ್ತೋಯ್ತೀನಾ’ ಅಂದ್ಲು. ನಾನು ಅವಳ ಬಾಯಿ ಮುಚ್ದೆ. ಹಂಗೆಲ್ಲ ಅನ್ಬಾರದು, ಅರುಳಣ್ಣ ಹೇಳವ್ರೆ ಅಂದೆ.”

ದಾರ ಕಚ್ಚಿ ಕತ್ತರಿಸಿದಳು.

“ಸುಮ್ನಾದ್ಲು. ಆಮೇಲೆ ಇನ್ನೊಂದು ಸಲ, ‘ಅವ್ವ, ಒಂದ್ ಮಾತು ಹೇಳ್ಬೇಕು’ ಅಂದ್ಲು. ವಾಸಿ ಆದ್ಮೇಲೆ ಹೇಳುವಂತೆ, ಈಗ ಮಲಕ್ಕೊ ಅಂದೆ. ಮಲಕ್ಕೊಂಡ್ಲು. ನಾನು ಹಿತ್ತಲಿಗೆ ಬಂದು ಬಟ್ಟೆ ಒಗೀತಾ ಕೂತೆ. ಅಷ್ಟು ದಿನ ಪಕ್ಕ ಬಿಟ್ಟು ಎದ್ದಿರಲಿಲ್ಲ ನಾನು. ಅವತ್ತು ಎದ್ದೆ. ನೀವು ಹೇಳಿದ್ರಲ್ಲ, ಭಯ ಇರಲಿಲ್ಲ.”

ಅರುಳಪ್ಪ ನೆಲ ನೋಡುತ್ತಿದ್ದ.

“ಒಳಗೆ ಬಂದ್ರೆ ಹೋಗಿಬಿಟ್ಟಿದ್ಲು. ಒಬ್ಬಳೇ. ಏನ್ ಹೇಳಕ್ಕೆ ಬಂದಿದ್ಲೋ.”

“ಅವ್ವ, ನನ್ನಿಂದ ತಪ್ಪಾಯ್ತು.”

“ಆಯ್ತು,” ಅಂದಳು ಅವಳು. ಅದು ಕ್ಷಮೆಯಲ್ಲ, ಒಪ್ಪಿಗೆ. “ದೇವರು ಕರ್ಕೊಂಡದ್ದಕ್ಕೆ ನಾನು ನಿಮ್ಮನ್ನ ಏನೂ ಅನ್ನಲ್ಲ. ಜ್ವರ ಎಲ್ಲಾರ ಮನೆಗೂ ಬಂದದೆ. ಆದ್ರೆ ಆ ಒಂದ್ ಮಾತು ನನಗೆ ಬರಬೇಕಿತ್ತು. ಅದನ್ನ ನೀವು ಕಿತ್ಕೊಂಡ್ರಿ. ಇನ್ನು ಈ ಮನೆಗೆ ಪ್ರಾರ್ಥನೆಗೆ ಬರಬೇಡಿ.”

ಅರುಳಪ್ಪ ಆಶ್ರಮಕ್ಕೆ ಬಂದು ಎಲ್ಲವನ್ನೂ ಹೇಳಿದ.

“ಗೊತ್ತು,” ಅಂದರು ಇನ್ನಾಸಯ್ಯ.

“ಗೊತ್ತಿತ್ತಾ?”

“ಮಣ್ಣು ಮಾಡಿದ ದಿನವೇ ಹೇಳಿದಳು.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ ಅಯ್ಯಾ?”

“ನನ್ನ ಬಾಯಲ್ಲಿ ಕೇಳಿದ್ದರೆ ಅದು ನಿನಗೆ ಒಂದು ಪಾಠ ಆಗಿಬಿಡುತ್ತಿತ್ತು.”

ಅಂದಿನಿಂದ ಅರುಳಪ್ಪ ಮತ್ತೆ ಪ್ರಾರ್ಥನೆಗೆ ಕೂತ. ಆದರೆ ದನಿ ಹೋಗಿತ್ತು. ಗುರುವಿನ ಜೊತೆ ರೋಗಿಗಳ ಮನೆಗೂ ಹೋದ. ಕೈಮುಗಿದು, ‘ದೇವರೇ, ನಿನ್ನ ಚಿತ್ತದಂತೆ ಆಗಲಿ’ ಎಂದಷ್ಟೇ ಹೇಳಿ ಏಳುತ್ತಿದ್ದ. ಬೇರೆ ಏನೂ ಹೇಳುತ್ತಿರಲಿಲ್ಲ.

ಅದರಲ್ಲಿ ಒಂದು ನೆಮ್ಮದಿಯಿತ್ತು. ಉಳಿದರೆ ಅವನ ಚಿತ್ತ, ಹೋದರೆ ಅವನ ಚಿತ್ತ. ಏನನ್ನೂ ಬೇಡದವನಿಗೆ ಇಲ್ಲ ಅನ್ನಲು ದೇವರಿಗೂ ಆಗುವುದಿಲ್ಲ. ತಾನು ಈಗ ತಗ್ಗಿದ್ದೇನೆ, ಪಾಠ ಕಲಿತಿದ್ದೇನೆ ಅಂದುಕೊಂಡ.

ಇನ್ನಾಸಯ್ಯ ನೋಡಿದರು. ಕಾದರು.

ಜ್ವರ ಊರಿನಿಂದ ಸರಿಯುತ್ತಿದೆ ಅನ್ನುವಾಗ ಚೌರಪ್ಪ ಮಲಗಿದ.

ಮದ್ಲೇನಮ್ಮ ತಾನೇ ಆಶ್ರಮಕ್ಕೆ ಬಂದಳು. ಬೇಲಿಯ ಆಚೆ ನಿಂತು, “ಅಯ್ಯಾ, ನೀವು ಬನ್ನಿ” ಅಂದಳು. ‘ನೀವು’ ಅನ್ನುವುದನ್ನು ಒತ್ತಿ ಹೇಳಿದಳು.

“ಇವನೂ ಬರಲಿ,” ಅಂದರು ಇನ್ನಾಸಯ್ಯ.

ಅವಳು ಅರುಳಪ್ಪನ ಕಡೆ ನೋಡಿದಳು. ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ತಿರುಗಿ ನಡೆದಳು.

ಲೂರ್ದು ಮಲಗಿದ್ದ ಜಾಗದಲ್ಲೇ ಚೌರಪ್ಪ ಮಲಗಿದ್ದ. ಹುಟ್ಟು ಹಾಕಿ ಹಾಕಿ ಗಂಟುಗಂಟಾದ ತೋಳು ಈಗ ಚಾಪೆಯ ಮೇಲೆ ಹಗ್ಗದ ಹಾಗೆ ಬಿದ್ದಿತ್ತು. ಡಾಕ್ಟರು ಬಂದು ಹೋಗಿದ್ದರು. ಔಷಧಿಯ ಸೀಸೆ ಗೋಡೆಯ ಗೂಡಿನಲ್ಲಿತ್ತು.

“ನೀನು ಪ್ರಾರ್ಥಿಸು,” ಅಂದರು ಗುರು.

ಅರುಳಪ್ಪ ಹೊಸಿಲಿನ ಹತ್ತಿರವೇ ಮೊಣಕಾಲೂರಿದ. “ದೇವರೇ, ನಿನ್ನ ಚಿತ್ತದಂತೆ ಆಗಲಿ,” ಅಂದ. ಎದ್ದ.

“ಮುಗಿಯಿತಾ?”

“ಮುಗಿಯಿತು ಅಯ್ಯಾ.”

“ನೀನು ಏನೂ ಕೇಳಲೇ ಇಲ್ಲವಲ್ಲ.”

ಅರುಳಪ್ಪ ಹೊರಗೆ ಜಗಲಿಗೆ ಬಂದ. ಗುರುವೂ ಬಂದರು.

“ಕೇಳುವುದಕ್ಕೆ ನಾನು ಯಾರು?” ಅಂದ ಅರುಳಪ್ಪ. “ಎಲ್ಲಾ ಅವನಿಗೇ ಬಿಟ್ಟಿದ್ದೇನೆ.”

“ಬಿಟ್ಟಿದ್ದೀಯೋ, ಬಿಟ್ಟು ಓಡಿದ್ದೀಯೋ?”

ಅವನು ಹೊಳೆಯ ಕಡೆ ಮುಖ ತಿರುಗಿಸಿದ.

“ಮೊದಲು ದೇವರ ಪರವಾಗಿ ನೀನೇ ಮಾತಾಡಿದೆ,” ಅಂದರು ಇನ್ನಾಸಯ್ಯ. “ಈಗ ಅವನ ಮುಖಕ್ಕೆ ಬಾಗಿಲು ಹಾಕಿಕೊಂಡು ಒಳಗಿನಿಂದ ‘ನಿನ್ನಿಷ್ಟ’ ಅನ್ನುತ್ತಿದ್ದೀಯ. ಎರಡು ಸಲವೂ ಅವನ ಜೊತೆ ಮಾತಾಡಲಿಲ್ಲ ನೀನು.”

“ಯೇಸುವೂ ಅದನ್ನೇ ಹೇಳಲಿಲ್ಲವಾ ಅಯ್ಯಾ? ನಿನ್ನ ಚಿತ್ತ ಅಂತ?”

“ಹೇಳಿದ. ಅದಕ್ಕೆ ಮೊದಲು ಏನು ಮಾಡಿದ?”

ಅರುಳಪ್ಪನಿಗೆ ಗೊತ್ತಿತ್ತು. ಬಾಯಿ ಬರಲಿಲ್ಲ.

“ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ತೋಟದಲ್ಲಿ ನೆಲಕ್ಕೆ ಬಿದ್ದು ಬೇಡಿದ,” ಅಂದರು ಗುರು. “ಸಾಯಲು ಇಷ್ಟವಿಲ್ಲ ಅಂತ ಬೆವರು ಸುರಿಸಿ ಬೇಡಿದ. ನೀನು ಆ ತೋಟಕ್ಕೆ ಹೋಗದೆಯೇ ಆ ಮಾತನ್ನು ಎತ್ತಿಕೊಂಡು ಬಂದಿದ್ದೀಯ.”

“ಕೇಳಿ, ಮತ್ತೆ ಇಲ್ಲ ಅಂದರೆ?”

“ಅನ್ನಬಹುದು.”

“ಆಗ?”

“ಆಗ ನೋವಾಗುತ್ತದೆ.”

ಇನ್ನಾಸಯ್ಯ ಒಳಗೆ ಹೋದರು. ಅರುಳಪ್ಪ ಬಾಗಿಲಲ್ಲಿ ನಿಂತು ನೋಡಿದ.

ಗುರು ಚಾಪೆಯ ಪಕ್ಕ ಕಷ್ಟಪಟ್ಟು ಮೊಣಕಾಲೂರಿದರು. ಈ ಸಲ ಅರುಳಪ್ಪ ಗಮನವಿಟ್ಟು ನಿಂತಿದ್ದ. ಅವರು ಮೆಲ್ಲಗೆ ಹೇಳುವುದು ಮೊದಲ ಸಲ ಅವನ ಕಿವಿಗೆ ಬಿತ್ತು.

“ತಂದೆ, ಇವನನ್ನು ಬಿಡು. ಈ ಮನೆಯಿಂದ ಒಂದು ಜೀವ ಆಗಲೇ ತಗೊಂಡಿದ್ದೀಯ. ಇವಳಿಗೆ ಬೇರೆ ಯಾರೂ ಇಲ್ಲ. ಬಿಡು. ನಾನು ಮುದುಕ, ನನ್ನನ್ನು ಯಾಕೆ ಇಟ್ಟುಕೊಂಡು ಇವನನ್ನು ಕರೆಯುತ್ತೀಯ? ನಿನ್ನ ಲೆಕ್ಕ ನನಗೆ ತಿಳಿಯುತ್ತಿಲ್ಲ. ತಿಳಿಯದಿದ್ದರೂ ಕೇಳುತ್ತೇನೆ. ಬಿಡು ತಂದೆ.”

ದನಿ ನಡುಗುತ್ತಿತ್ತು. ಮೂಗು ಸೋರುತ್ತಿತ್ತು. ಅರುಳಪ್ಪನಿಗೆ ಭಯವಾಯಿತು. ಸಣ್ಣ ದನಿಯ ಹಿಂದೆ ಇಷ್ಟು ದಿನವೂ ಇದೇ ಇತ್ತೇ?

ಬಹಳ ಹೊತ್ತು ಹಾಗೇ ಇದ್ದು, ಕೊನೆಗೆ ಇನ್ನಾಸಯ್ಯ ಎರಡೂ ಕೈ ಚಾಚಿ ನೆಲದ ಮೇಲೆ ಇಟ್ಟರು. “ನಿನ್ನ ಚಿತ್ತ,” ಅಂದರು. ಅದೇ ಮಾತು. ಅದು ಹೊರಗೆ ಬರುವಾಗ ಅವರ ಒಳಗಿನಿಂದ ಏನನ್ನೋ ಕಿತ್ತುಕೊಂಡು ಬಂದ ಹಾಗಿತ್ತು.

ಎದ್ದು ಕೋಲು ಹಿಡಿದರು.

“ನಾನು ಹೊರಟೆ. ನೀನು ಇಲ್ಲಿರು.”

“ಅಯ್ಯಾ, ಆಕೆ ಬೇಡ ಅಂದಿದ್ದಾರೆ.”

ಗುರು ಮದ್ಲೇನಮ್ಮನ ಕಡೆ ನೋಡಿದರು. ಅವಳು ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು.

“ನೀರು ಸೇದಕ್ಕೆ ಒಬ್ಬರು ಬೇಕು,” ಅಂದಳು. ಅಷ್ಟೇ ಅಂದಳು.

ಅರುಳಪ್ಪ ಉಳಿದ. ನೀರು ತಂದ, ಕಾಯಿಸಿದ. ಬಟ್ಟೆ ಒದ್ದೆ ಮಾಡಿ ಚೌರಪ್ಪನ ಹಣೆಗೆ ಹಾಕಿದ. ಹೊಲಸು ಬಾಚಿ ತೆಗೆದ. ಮದ್ಲೇನಮ್ಮ ಅವನ ಜೊತೆ ಮಾತಾಡಲಿಲ್ಲ. ಕೆಲಸ ಬೇಡ ಅನ್ನಲೂ ಇಲ್ಲ.

ಬೆಳಗಾದ ಮೇಲೆ ಚೌರಪ್ಪನಿಗೆ ಪ್ರಜ್ಞೆ ಬಂತು. ಪಕ್ಕದಲ್ಲಿ ಯಾರೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ನೀನಾ.”

“ಹೂಂ ಚೌರಣ್ಣ.”

“ಲೂರ್ದಿಗೆ ಹೇಳ್ದಂಗೆ ನನಗೂ ಹೇಳ್ಬೇಡ.”

“ಹೇಳಲ್ಲ.”

ಚೌರಪ್ಪ ಉಸಿರು ಎಳೆದುಕೊಂಡ.

“ಉಳೀತೀನಾ?”

ಒಲೆಯ ಹತ್ತಿರ ಮದ್ಲೇನಮ್ಮನ ಕೈ ನಿಂತಿತು. ಅದು ಅರುಳಪ್ಪನಿಗೆ ನೋಡದೆಯೇ ಗೊತ್ತಾಯಿತು. ಉಳೀತೀಯ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ದೇವರ ಚಿತ್ತ ಎಂಬ ಮಾತೂ ಬಂತು. ಎರಡನ್ನೂ ನುಂಗಿದ.

“ಗೊತ್ತಿಲ್ಲ ಚೌರಣ್ಣ.”

“ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ?”

“ಕೇಳ್ತಾ ಇದ್ದೀನಿ. ನಿನ್ನನ್ನ ಉಳಿಸು ಅಂತ.”

“ಏನಂತಾನೆ?”

“ಇನ್ನೂ ಏನೂ ಅಂದಿಲ್ಲ.”

ಚೌರಪ್ಪ ಕಣ್ಣು ಮುಚ್ಚಿದ. ಮುಖದಲ್ಲಿ ಏನೋ ಸಡಿಲವಾಯಿತು.

“ಅವಳನ್ನ ಕರಿ,” ಅಂದ.

ಕರೆಯಬೇಕಾಗಿರಲಿಲ್ಲ. ಮದ್ಲೇನಮ್ಮ ಆಗಲೇ ಪಕ್ಕಕ್ಕೆ ಬಂದಿದ್ದಳು. ಅರುಳಪ್ಪ ಎದ್ದು ಹೊರಗೆ ಹೋಗಲು ನೋಡಿದ. ಚೌರಪ್ಪ ಬೇಡ ಅನ್ನುವಂತೆ ಕೈ ಆಡಿಸಿದ.

“ಹರಿಗೋಲು ನಿನ್ನ ತಮ್ಮನಿಗೆ ಕೊಡು,” ಅಂದ ಹೆಂಡತಿಗೆ. “ಅದರ ಚರ್ಮ ಹಳೇದಾಗ್ಬಿಟ್ಟದೆ. ಮಳೆಗಾಲಕ್ಕೆ ಮುಂಚೆ ಬದಲಾಯಿಸ್ಬೇಕು ಅಂತ ಹೇಳು.”

“ಈಗ್ಯಾಕೆ ಆ ಮಾತು,” ಅಂದಳು ಮದ್ಲೇನಮ್ಮ. ಅಂದವಳು ತಟ್ಟನೆ ನಿಲ್ಲಿಸಿದಳು. ಗಂಡನ ಕೈ ಹಿಡಿದುಕೊಂಡಳು. “ಹೇಳಿ. ಏನ್ ಹೇಳ್ಬೇಕೋ ಹೇಳಿ. ನಾನು ಎಲ್ಲೂ ಹೋಗಲ್ಲ.”

ಚೌರಪ್ಪ ಅವಳನ್ನೇ ನೋಡಿದ.

“ಮಗಳು ಹೋದ ದಿವಸ ನಿನ್ನ ಬಯ್ದೆ ನಾನು. ಹಿತ್ತಲಲ್ಲಿ ಬಟ್ಟೆ ಒಗೀತಾ ಕೂತಿದ್ಯಲ್ಲ ಅಂತ. ಹೆತ್ತವಳಾ ನೀನು ಅಂದೆ.”

“ಅಂದ್ರಿ.”

“ಅದನ್ನ ವಾಪಸ್ ತಗೊಂಡೆ ಅಂದ್ಕೊ. ನಾನೂ ಮನೇಲಿರಲಿಲ್ಲ. ಹೊಳೇಲಿದ್ದೆ. ಅವಳ ಮುಖ ನೋಡಕ್ಕಾಗದೆ ಬೇಕು ಅಂತ್ಲೇ ಹೊಳೆಗೆ ಹೋಗಿದ್ದೆ. ಅವಳು ಉಳಿಯಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು.”

ಮದ್ಲೇನಮ್ಮ ಬಗ್ಗಿ ಅವನ ಎದೆಯ ಮೇಲೆ ಹಣೆಯಿಟ್ಟಳು. ಸದ್ದಿಲ್ಲದೆ ಅತ್ತಳು. ಚೌರಪ್ಪನ ಕೈ ಅವಳ ತಲೆಯ ಮೇಲೆ ಬಂದು ಕೂತಿತು.

ಅರುಳಪ್ಪ ಗೋಡೆಯ ಕಡೆ ತಿರುಗಿ ಕೂತ. ಅಲ್ಲಿ ಅವನು ಬೇಡಿದ. ದನಿ ಏರಿಸಲಿಲ್ಲ. ಏರಿಸಲು ಅವನಲ್ಲಿ ದನಿಯೇ ಇರಲಿಲ್ಲ. ಇವನನ್ನು ಬಿಡು, ಇವಳಿಗಾಗಿ ಬಿಡು ಅಂದ. ಆ ಹುಡುಗಿಯ ವಿಷಯದಲ್ಲಿ ನಿನ್ನ ಹೆಸರಲ್ಲಿ ಸುಳ್ಳು ಹೇಳಿದೆ, ಅದಕ್ಕೆ ನನ್ನನ್ನು ಏನು ಬೇಕಾದರೂ ಮಾಡು, ಇವರಿಗೆ ಮಾಡಬೇಡ ಅಂದ. ಹಗಲೆಲ್ಲ ಹೇಳಿದ್ದನ್ನೇ ಹೇಳಿದ. ಎದೆ ತುಂಬಿ ಬರಲಿಲ್ಲ. ಯಾವ ದನಿಯೂ ಕೇಳಲಿಲ್ಲ. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಒಂದಿಷ್ಟು ಹೊತ್ತು ಚೌರಪ್ಪನ ಮೈ ತಣ್ಣಗಾಯಿತು. ಬೆವರು ಬಂತು. ಅರುಳಪ್ಪನಿಗೆ ಆಸೆ ಹುಟ್ಟಿತು. ಮದ್ಲೇನಮ್ಮ ಅವನ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ. ಗೊತ್ತಿಲ್ಲ ಅಂತ.

ಇಳಿಹೊತ್ತಿಗೆ ಜ್ವರ ಮತ್ತೆ ಏರಿತು. ಹೊತ್ತು ಮುಳುಗುವಾಗ ಚೌರಪ್ಪ ಹೋದ. ತಲೆ ಹೆಂಡತಿಯ ಮಡಿಲಲ್ಲಿತ್ತು.

ಅರುಳಪ್ಪ ಅಲ್ಲೇ ನೆಲಕ್ಕೆ ಕೈ ಚಾಚಿ ಬಗ್ಗಿದ. ‘ನಿನ್ನ ಚಿತ್ತ’ ಅನ್ನಬೇಕು ಅಂದುಕೊಂಡ. ಮೊದಲ ಸಲಕ್ಕೆ ಬಾಯಿ ಬರಲಿಲ್ಲ. ಬಹಳ ಹೊತ್ತು ಬಗ್ಗಿಯೇ ಇದ್ದ. ಕೊನೆಗೆ ಅಂದ. ಅಂದಾಗ ಹಲ್ಲು ಕಚ್ಚಿಕೊಂಡಿದ್ದ.

ಬೆಳಿಗ್ಗೆ ಮಗಳ ಪಕ್ಕದಲ್ಲಿ ಗುಂಡಿ ತೋಡಿದ. ಈ ಸಲ ಯಾರೂ ಹೇಳಬೇಕಾಗಿರಲಿಲ್ಲ.

ಮಣ್ಣಾದ ಮೇಲೆ ಜನ ಚದುರಿದರು. ಮದ್ಲೇನಮ್ಮ ಅವನ ಮುಂದೆ ಬಂದು ನಿಂತಳು. ಕಣ್ಣು ಒಣಗಿತ್ತು.

“ಅವರು ಹೇಳ್ಬೇಕಾದ್ದು ಹೇಳಿ ಹೋದ್ರು,” ಅಂದಳು. ಸ್ವಲ್ಪ ತಡೆದು, “ನೀವು ಗೋಡೆ ಕಡೆ ಕೂತು ದೇವರನ್ನ ಕೇಳ್ತಿದ್ದದ್ದು ನನಗೆ ಗೊತ್ತು.”

ತಮ್ಮನ ಜೊತೆ ಹೊರಟುಹೋದಳು. ಅವಳ ಮನೆಗೆ ಅವನು ಪ್ರಾರ್ಥನೆಗೆ ಮತ್ತೆ ಹೋಗಬಹುದೋ ಇಲ್ಲವೋ ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ.

ಅರುಳಪ್ಪ ಹೊಳೆಗೆ ಇಳಿದು ಕೈಯ ಮಣ್ಣು ತೊಳೆದುಕೊಂಡ. ಇನ್ನಾಸಯ್ಯ ದಡದ ಬಂಡೆಯ ಮೇಲೆ ಕೂತಿದ್ದರು. ಅವನು ಅವರ ಕಾಲ ಹತ್ತಿರ ಕೂತ.

“ಈ ಸಲ ಕೇಳಿದೆ ಅಯ್ಯಾ.”

“ಹೂಂ.”

“ಪೂರ್ತಿ ಕೇಳಿದೆ. ಏನೂ ಬಚ್ಚಿಡಲಿಲ್ಲ. ಕೊಡಲಿಲ್ಲ ಅವನು.”

“ಕೊಡಲಿಲ್ಲ,” ಅಂದರು ಗುರು. ಅವರ ಕಣ್ಣೂ ಕೆಂಪಾಗಿತ್ತು. “ನಾನೂ ಕೇಳಿದ್ದೆ.”

ಆಚೆ ದಡದಲ್ಲಿ ಚೌರಪ್ಪನ ಹರಿಗೋಲು ಕವುಚಿ ಹಾಕಿದ್ದು ಕಾಣುತ್ತಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

“ನನಗೆ ಅವನ ಮೇಲೆ ಸಿಟ್ಟಿದೆ,” ಅಂದ ಅರುಳಪ್ಪ.

“ಅವನಿಗೆ ಹೇಳಿದೆಯಾ?”

“ಹೇಳಿದೆ. ಗುಂಡಿ ತೋಡುತ್ತಾ ಹೇಳಿದೆ. ಬಾಯಿಗೆ ಬಂದದ್ದೆಲ್ಲ ಅಂದೆ.”

“ಏನಂದ?”

ಅರುಳಪ್ಪ ಯೋಚಿಸಿದ. ಸುಳ್ಳು ಹೇಳಬಾರದು ಎಂದು ನಿಧಾನವಾಗಿ ಯೋಚಿಸಿದ.

“ಏನೂ ಅನ್ನಲಿಲ್ಲ,” ಅಂದ. “ಎದ್ದೂ ಹೋಗಲಿಲ್ಲ.”

ಇನ್ನಾಸಯ್ಯ ಅವನ ಭುಜದ ಮೇಲೆ ಕೈಯೂರಿ ಎದ್ದು ನಿಂತರು.

“ಮೇಲಿನ ಕೇರಿಯಲ್ಲಿ ಬಡಗಿಯ ಹೆಂಡತಿ ಮತ್ತೆ ಮಲಗಿದ್ದಾಳಂತೆ,” ಅಂದರು. “ನಡಿ, ಕೇಳೋಣ.”